ಆಕಾಶವಾಣಿಗೆ ಶ್ರುತಿ ಹಿಡಿದ ಡಾ. ಎಂ. ವಿ. ಗೋಪಾಲಸ್ವಾಮಿ

ಸಾಂತಾಕ್ರೂಜ್ ಪೂರ್ವದ ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಆವರಣವು ಮಹಾನಗರದ ಕನ್ನಡಿಗರಿಗೆ ತವರುಮನೆಯ ಅಂಗಳದಷ್ಟೇ ಪರಿಚಿತ. ಅಲ್ಲಿನ ಕನ್ನಡ ವಿಭಾಗದ ವಿಚಾರಗೋಷ್ಠಿಗಳಿಗೆ, ಗ್ರಂಥ ಬಿಡುಗಡೆಗಳಿಗೆ, ಕವಿಗೋಷ್ಠಿಗಳಿಗೆ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಅದೆಷ್ಟೋ ಇವೆ. ಅದೇ ಆವರಣದಿಂದ 2008ರಲ್ಲಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿಯು 107.8 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಪ್ರಸಾರ ಆರಂಭಿಸಿತೆಂಬುದು ಬಹುಶಃ ಎಲ್ಲರ ಗಮನಕ್ಕೂ ಬಂದಿರಲಾರದು. ಸಮುದಾಯ ಬಾನುಲಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಿಗದಿಯಾಗಿರುವ ಪ್ರಸಾರ ಶಕ್ತಿ 100 ವಾಟ್. ನಮ್ಮ ಹಿರಿಯರ ಕಾಲದಲ್ಲಿ ಪಡಸಾಲೆಯಲ್ಲಿ ಉರಿಯುತ್ತಿದ್ದ ಒಂದು ಬಲ್ಬಿನಷ್ಟು ಶಕ್ತಿ ಅದು.

ಇಷ್ಟು ಸಣ್ಣ ಶಕ್ತಿಯಿಂದ ಒಂದು ಊರನ್ನು ಮುಟ್ಟಬಹುದೆಂಬುದನ್ನು ಅದಕ್ಕೂ 73 ವರ್ಷಗಳ ಹಿಂದೆಯೇ, ಇನ್ನೂ ಕಡಿಮೆ ಶಕ್ತಿಯಲ್ಲಿ ತೋರಿಸಿಕೊಟ್ಟವರು ಒಬ್ಬ ಕನ್ನಡ ನಾಡಿನ ಪ್ರಾಧ್ಯಾಪಕರು. ಅವರೇನೂ ಎಂಜಿನಿಯರ್ ಆಗಿರಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಬೋಧಿಸುತ್ತಿದ್ದ ಅವರ ಹೆಸರು ಡಾ. ಎಂ. ವಿ. ಗೋಪಾಲಸ್ವಾಮಿ. ಇಂದು ಭಾರತದ ಮನೆಮನೆಯಲ್ಲಿ ಕೇಳಿಬರುವ ಆಕಾಶವಾಣಿ ಎಂಬ ಹೆಸರು ಮೊದಲು ಒಂದು ಬಾನುಲಿ ಕೇಂದ್ರಕ್ಕೆ ಅಂಟಿಕೊಂಡದ್ದು ಅವರ ಮನೆಯಲ್ಲಿ.

ಮನಸ್ಸಿನಿಂದ ಯಂತ್ರದೆಡೆಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಜನಿಸಿದ ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದರು. ಅಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಚಾರ್ಲ್ಸ್ ಸ್ಪಿಯರ್‌ಮನ್. ಮನುಷ್ಯನ ಬೇರೆ ಬೇರೆ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಕೆಲಸ ಮಾಡುತ್ತದೆಂದು 1904ರಲ್ಲಿ ಪ್ರತಿಪಾದಿಸಿ, ಅದನ್ನು ಲೆಕ್ಕಾಚಾರದ ಮೂಲಕ ಅಳೆಯಹೊರಟ ವಿದ್ವಾಂಸರು ಅವರು. ಗೋಪಾಲಸ್ವಾಮಿಯವರ ಸಂಶೋಧನೆ ಕೈಕೆಲಸದ ಕಲಿಕೆಯಲ್ಲಿ ಬುದ್ಧಿಯ ಪಾತ್ರವೇನು ಎಂಬುದನ್ನು ಕುರಿತದ್ದಾಗಿತ್ತು. ಈ ವಿಷಯದ ಮೇಲಿನ ಅವರ ಪ್ರಬಂಧವು 1924ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಮನಃಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಿಯಲ್ಲಿ ಕಾಣುವ ಬಿಂಬವನ್ನು ನೋಡುತ್ತ ಕಾಗದದ ಮೇಲೆ ಗೆರೆ ಎಳೆಯುವಾಗ ಕೈ ಮೊದಮೊದಲು ಎಲ್ಲೆಲ್ಲೋ ಓಡುತ್ತದೆ. ನಿಧಾನವಾಗಿ, ತಪ್ಪಿ ತಪ್ಪಿ, ಸ್ಥಿರವಾಗುತ್ತದೆ. ಕೈ ಹೇಗೆ ಕಲಿಯುತ್ತದೆಂಬುದನ್ನು ವರ್ಷಗಟ್ಟಲೆ ಗಮನಿಸಿದ ವ್ಯಕ್ತಿ ಮುಂದೆ ಯಂತ್ರಗಳ ಕಡೆಗೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ.

ಸ್ವದೇಶಕ್ಕೆ ಮರಳಿದ ಅವರನ್ನು ಮೈಸೂರು ವಿಶ್ವವಿದ್ಯಾಲಯ ಬರಮಾಡಿಕೊಂಡಿತು. ದಾರ್ಶನಿಕ ಬ್ರಜೇಂದ್ರನಾಥ ಸೀಲರು ಅಂದು ಕುಲಪತಿಗಳಾಗಿದ್ದರು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ವಿಭಾಗ ಆರಂಭವಾಯಿತು. ಕಲ್ಕತ್ತೆಯಲ್ಲಿ 1916ರಲ್ಲಿ ಇಂಥ ವಿಭಾಗ ಮೊದಲು ಸ್ಥಾಪನೆಯಾಗಿತ್ತು. ಅದನ್ನು ಬಿಟ್ಟರೆ ಮೈಸೂರಿನದೇ ದೇಶದ ಪ್ರಾಚೀನ ವಿಭಾಗ. ತತ್ತ್ವಶಾಸ್ತ್ರದ ಒಂದು ಶಾಖೆಯೆಂದಷ್ಟೇ ಮನಃಶಾಸ್ತ್ರವನ್ನು ತಿಳಿಯುತ್ತಿದ್ದ ಕಾಲದಲ್ಲಿ ಪ್ರಯೋಗಶಾಲೆ, ಉಪಕರಣ, ಅಳತೆ ಇವುಗಳ ಮಹತ್ತ್ವವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಿದ ಕೀರ್ತಿ ಅವರದು. ಮುಂದೆ ಅವರು ಅದೇ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನೂ ಅಲಂಕರಿಸಿದರು.

ಮುಂಬಯಿಯ ಪಾಠ

ಗೋಪಾಲಸ್ವಾಮಿಯವರ ಸಾಹಸದ ಬೆಲೆ ತಿಳಿಯಬೇಕಾದರೆ ಅಂದಿನ ಮುಂಬಯಿಯತ್ತ ಒಮ್ಮೆ ತಿರುಗಿ ನೋಡಬೇಕು. ಭಾರತದಲ್ಲಿ ಬಾನುಲಿಯ ಮೊದಲ ಹೆಜ್ಜೆಗಳು ಮೂಡಿದ್ದು ಇಲ್ಲಿಯೇ. 1923ರಲ್ಲಿ ಇಲ್ಲಿನ ಹವ್ಯಾಸಿಗಳ ರೇಡಿಯೋ ಕ್ಲಬ್ ಪ್ರಸಾರವನ್ನು ಪ್ರಯತ್ನಿಸಿತು. 1927ರ ಜುಲೈ 23ರಂದು ವೈಸರಾಯ್ ಲಾರ್ಡ್ ಇರ್ವಿನ್ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಮುಂಬಯಿ ಕೇಂದ್ರವನ್ನು ಉದ್ಘಾಟಿಸಿದರು. ಅದರ ಶಕ್ತಿ 1,500 ವಾಟ್. ಬಂಡವಾಳವಿತ್ತು, ಸರಕಾರದ ಅನುಮತಿಯಿತ್ತು, ಶ್ರೀಮಂತ ನಗರವಿತ್ತು. ಆದರೂ ಸಾಕಷ್ಟು ಕೇಳುಗರಿಲ್ಲದೆ, ಲೈಸೆನ್ಸ್ ಶುಲ್ಕದ ಆದಾಯ ಸಾಲದೆ, ಮೂರು ವರ್ಷ ತುಂಬುವುದರೊಳಗೆ, 1930ರ ಮಾರ್ಚ್‌ನಲ್ಲಿ ಆ ಕಂಪನಿ ದಿವಾಳಿಯೆದ್ದಿತು. ಮರು ತಿಂಗಳು ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.

ಒಂದು ಕಂಪನಿಗೇ ಆಗದ ಕೆಲಸಕ್ಕೆ ಐದು ವರ್ಷಗಳ ಬಳಿಕ ಸಂಬಳದ ಒಬ್ಬ ಪ್ರಾಧ್ಯಾಪಕರು ಕೈಹಾಕಿದರು. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವಾಟ್ ಶಕ್ತಿಯ ಪುಟ್ಟ ಪ್ರಸಾರ ಯಂತ್ರದಿಂದ ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮುಂಬಯಿ ಕೇಂದ್ರದ ಐವತ್ತನೆಯ ಒಂದು ಪಾಲು ಶಕ್ತಿ! ಮೊದಲ ದಿನವೇ ಕುವೆಂಪು ಅವರ ಕಾವ್ಯವಾಚನ ನಡೆಯಿತೆಂಬುದನ್ನು ಮೈಸೂರಿನ ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ.

ಆ ಕೇಂದ್ರಕ್ಕೆ ಇಟ್ಟ ಹೆಸರು ಆಕಾಶವಾಣಿ. ಯಕ್ಷಗಾನದ ಬಯಲಾಟ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ಈ ಶಬ್ದವನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇವಕಿಯ ಎಂಟನೆಯ ಗರ್ಭದ ಸುದ್ದಿಯನ್ನು ಕಂಸನಿಗೆ ತಿಳಿಸಿದ ಅಶರೀರ ವಾಣಿಯದು. ಪುರಾಣದ ಮಾತನ್ನು ವಿಜ್ಞಾನದ ಹೊಸ ವಸ್ತುವಿಗೆ ಇಷ್ಟು ಸಹಜವಾಗಿ ತೊಡಿಸಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಈ ನಾಮಕರಣದ ಶ್ರೇಯಸ್ಸನ್ನು ಕೆಲವರು ಗೋಪಾಲಸ್ವಾಮಿಯವರಿಗೆ, ಮತ್ತೆ ಕೆಲವರು ಅವರ ಒಡನಾಡಿ, ಕನ್ನಡದ ಹಾಸ್ಯ ಸಾಹಿತಿ ನಾ. ಕಸ್ತೂರಿಯವರಿಗೆ ಸಲ್ಲಿಸುತ್ತಾರೆ. ಕೇರಳದಲ್ಲಿ ಹುಟ್ಟಿ, ಕನ್ನಡವನ್ನು ಕಲಿತು, ಕನ್ನಡಿಗರನ್ನು ನಗಿಸಿದ ಕಸ್ತೂರಿಯವರು ಆ ಪುಟ್ಟ ಕೇಂದ್ರದ ಬೆನ್ನೆಲುಬಾಗಿದ್ದರು. ಹೆಸರು ಯಾರಿಗೇ ಹೊಳೆದಿರಲಿ, ಅದಕ್ಕೆ ನೆಲೆ ಕೊಟ್ಟ ಮನೆ ಒಂದೇ. ದೆಹಲಿಯ ಸರಕಾರಿ ಸಂಸ್ಥೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ತಳೆದದ್ದೇ 1936ರ ಜೂನ್ 8ರಂದು, ಅಂದರೆ ಮೈಸೂರಿನ ಆಕಾಶವಾಣಿ ಹುಟ್ಟಿ ಒಂಬತ್ತು ತಿಂಗಳಾದ ಮೇಲೆ ಎಂಬುದು ಸ್ಮರಣೀಯ.

ಯಂತ್ರದ ಶ್ರುತಿ

30 ವಾಟ್‌ನಷ್ಟು ಅಲ್ಪ ಶಕ್ತಿಯ ಯಂತ್ರ ಊರಿಗೆ ಉಪಯೋಗಕ್ಕೆ ಬರಬೇಕಾದರೆ ಅದಕ್ಕೆ ಮುಖ್ಯವಾಗಿ ಬೇಕಾದದ್ದೇನು? ಶಕ್ತಿಯನ್ನು ಹೆಚ್ಚಿಸುವುದು ಎಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಬಾನುಲಿಯ ಮರ್ಮ ಬಲ್ಲವರು ಬೇರೆ ಉತ್ತರ ಕೊಡುತ್ತಾರೆ. ಶಕ್ತಿಗಿಂತ ಮೊದಲು ಸ್ಥಿರತೆ ಬೇಕು.

ಸಂಗೀತ ಕಛೇರಿಯಲ್ಲಿ ತಂಬೂರಿ ಮಾಡುವ ಕೆಲಸವನ್ನೇ ಪ್ರಸಾರ ಯಂತ್ರದಲ್ಲಿ ಆಸಿಲೇಟರ್ ಅಥವಾ ಆಂದೋಲಕವೆಂಬ ಭಾಗ ಮಾಡುತ್ತದೆ. ಒಂದು ಸೆಕೆಂಡಿಗೆ ನಿಗದಿಯಾದಷ್ಟು ಬಾರಿ ವಿದ್ಯುತ್ತನ್ನು ತೂಗಿಸುತ್ತ, ಇಡೀ ಯಂತ್ರಕ್ಕೆ ಶ್ರುತಿ ಕೊಡುವುದು ಅದರ ಧರ್ಮ. ಶ್ರುತಿ ಜಾರಿದರೆ ಎಂಥ ವಿದ್ವಾಂಸರ ಗಾಯನವೂ ಕೆಡುವಂತೆ, ಆಂದೋಲಕ ಜಾರಿದರೆ ಕೇಂದ್ರವು ಕೇಳುಗರ ರೇಡಿಯೋದ ಮುಳ್ಳಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಪಕ್ಕದ ಕೇಂದ್ರದ ಮೇಲೆ ಬಿದ್ದು ಎರಡೂ ಕಡೆ ಸಿಳ್ಳೆ ಕೇಳಿಸುತ್ತದೆ.

1930ರ ದಶಕದಲ್ಲಿ ಚಿಕ್ಕ ಪ್ರಸಾರ ಯಂತ್ರ ಕಟ್ಟುವವರ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು ತಾಮ್ರದ ತಂತಿಯ ಸುರುಳಿ ಮತ್ತು ಕಂಡೆನ್ಸರ್‌ಗಳನ್ನು ವಾಲ್ವಿಗೆ ಜೋಡಿಸಿ ಕಟ್ಟುವ ಆಂದೋಲಕ. ಅಗ್ಗ, ಸರಳ, ಬೇಕಾದ ಕಂಪನಾಂಕಕ್ಕೆ ತಿರುಗಿಸಿಕೊಳ್ಳುವುದೂ ಸುಲಭ. ಆದರೆ ವಾಲ್ವ್ ಬಿಸಿಯಾದಂತೆ ಸುರುಳಿ ಹಿಗ್ಗುತ್ತದೆ, ವಿದ್ಯುತ್ತಿನ ಒತ್ತಡ ಏರಿಳಿಯುತ್ತದೆ, ಯಾರಾದರೂ ಹತ್ತಿರ ಕೈಯಿಟ್ಟರೂ ಸಾಕು, ಶ್ರುತಿ ಸರಿಯುತ್ತದೆ. ಎರಡನೆಯದು ಕ್ವಾರ್ಟ್ಸ್ ಸ್ಫಟಿಕದ ತೆಳು ಬಿಲ್ಲೆಯನ್ನು ಬಳಸುವ ಆಂದೋಲಕ. ಬಿಲ್ಲೆಯನ್ನು ಯಾವ ದಪ್ಪಕ್ಕೆ ಅರೆದು ಇಟ್ಟಿದೆಯೋ ಆ ಕಂಪನಾಂಕವನ್ನು ಅದು ಹಟಹಿಡಿದು ಕಾಯುತ್ತದೆ. ಒಂದು ಬಿಲ್ಲೆಗೆ ಒಂದೇ ಕಂಪನಾಂಕ. ಬದಲಾಯಿಸಬೇಕಾದರೆ ಬೇರೆ ಬಿಲ್ಲೆಯೇ ಬೇಕು. ಸ್ವಾತಂತ್ರ್ಯವನ್ನು ಬಿಟ್ಟುಕೊಟ್ಟು ಸ್ಥಿರತೆಯನ್ನು ಪಡೆಯುವ ವ್ಯವಹಾರವಿದು.

ಆಂದೋಲಕಕ್ಕೆ ಹೆಚ್ಚು ಭಾರ ಹೊರಿಸಬಾರದೆಂಬುದು ಇನ್ನೊಂದು ನಿಯಮ. ಅದನ್ನು ನೇರವಾಗಿ ಏರಿಯಲ್‌ಗೆ ಜೋಡಿಸಿದರೆ ಗಾಳಿಗೆ ತಂತಿ ತೂಗಾಡಿದಾಗಲೆಲ್ಲ ಶ್ರುತಿಯೂ ತೂಗಾಡುತ್ತದೆ. ಆದ್ದರಿಂದ ಬಲ್ಲವರು ನಡುವೆ ಒಂದು ತಡೆಯ ಹಂತವನ್ನಿಟ್ಟು, ಶಕ್ತಿ ಹೆಚ್ಚಿಸುವ ಕೆಲಸವನ್ನು ಅದರಾಚೆಯ ಹಂತಕ್ಕೆ ವಹಿಸುತ್ತಾರೆ. ಶ್ರುತಿ ಹಿಡಿಯುವವನು ಬೇರೆ, ದನಿ ಎತ್ತುವವನು ಬೇರೆ ಎಂಬ ಈ ವಿಂಗಡಣೆ ಎಲ್ಲ ಒಳ್ಳೆಯ ಪ್ರಸಾರ ಯಂತ್ರಗಳಿಗೂ ಆಧಾರ.

ಮನೆಯ ಕೇಂದ್ರದ ಹೊರೆ

ಯಂತ್ರಕ್ಕೆ ಅನ್ವಯಿಸುವ ಈ ಮಾತು ಗೋಪಾಲಸ್ವಾಮಿಯವರ ಜೀವನಕ್ಕೂ ಅನ್ವಯಿಸುತ್ತದೆ. ಬಾನುಲಿ ಕೇಂದ್ರವೆಂದರೆ ಒಮ್ಮೆ ಉದ್ಘಾಟಿಸಿ ಭಾಷಣ ಮಾಡಿ ಮುಗಿಸುವ ಸಮಾರಂಭವಲ್ಲ. ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ದನಿ ಕೇಳಿಸಬೇಕು. ಹಾಡುವವರು ಬರಬೇಕು, ಮಾತನಾಡುವವರು ಸಿದ್ಧರಾಗಿ ಬರಬೇಕು, ವಾಲ್ವ್ ಸುಟ್ಟರೆ ಬದಲಿ ಇರಬೇಕು, ವಿದ್ಯುತ್ ಬಿಲ್ಲು ಕಟ್ಟಬೇಕು. ಕಾಲೇಜಿನ ಪಾಠ, ಪ್ರಯೋಗಶಾಲೆ, ಪರೀಕ್ಷೆಗಳ ನಡುವೆ ಈ ಎಲ್ಲವನ್ನೂ ಅವರು ಬಹುಮಟ್ಟಿಗೆ ಸ್ವಂತ ಹಣದಿಂದಲೇ ಆರಂಭಿಸಿದರು. ಮನೆಯವರ ಬಾಳಿಗೂ ಕೇಂದ್ರದ ಬಾಳಿಗೂ ನಡುವೆ ಗೋಡೆಯಿರಲಿಲ್ಲ. ಸಂಘಸಂಸ್ಥೆಗಳನ್ನು ನಡೆಸಿ ಬಲ್ಲ ನಮ್ಮ ಓದುಗರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಮೈಸೂರು ಈ ಪ್ರಯತ್ನಕ್ಕೆ ತಕ್ಕ ನೆಲವೂ ಆಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದ್ವಾಂಸರಿಗೆ ಕೊರತೆಯಿರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕನ್ನಡದ ನವೋದಯದ ಲೇಖಕರು ಪಾಠ ಹೇಳುತ್ತಿದ್ದರು. ಸಂಗೀತ, ನಾಟಕ, ಭಾಷಣ, ಕಾವ್ಯ ಎಲ್ಲವೂ ನಡಿಗೆಯ ದೂರದಲ್ಲಿದ್ದವು. ಬರಬರುತ್ತ ಸಾರ್ವಜನಿಕರೂ ನಗರ ಪುರಸಭೆಯೂ ನೆರವಿನ ಹಸ್ತ ಚಾಚಿದರು. ಯಂತ್ರದ ಶಕ್ತಿ 250 ವಾಟ್‌ಗೆ ಏರಿತು. ಕನ್ನಡವು ಆಕಾಶದಲ್ಲಿ ತನ್ನದೊಂದು ನೆಲೆ ಕಂಡುಕೊಂಡಿತು.

ಆದರೆ ಬೆಳೆದ ಸಂಸ್ಥೆ ಒಬ್ಬರ ಮನೆಯಲ್ಲಿ ಉಳಿಯಲಾರದು. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ಕೇಂದ್ರವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಕೇಂದ್ರ ಸರಕಾರದ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1955ರ ನವೆಂಬರ್‌ನಲ್ಲಿ ಕೇಂದ್ರವೇ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ತಾನು ನೆಟ್ಟ ಗಿಡ ಮರವಾಗಿ, ಬೇರು ಸಹಿತ ಬೇರೆ ಊರಿಗೆ ಹೋದದ್ದನ್ನು ಗೋಪಾಲಸ್ವಾಮಿಯವರು ತಮ್ಮ ಜೀವಿತ ಕಾಲದಲ್ಲಿಯೇ ಕಂಡರು. ಅದೇ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ಬಾನುಲಿ ಆಕಾಶವಾಣಿ ಎಂಬ ಹೆಸರನ್ನು ತನ್ನದಾಗಿಸಿಕೊಂಡಿತು. 1957ರಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಮೈಸೂರಿಗೆ ಮತ್ತೆ ಆಕಾಶವಾಣಿ ಕೇಂದ್ರ ದೊರೆತದ್ದು 1974ರಲ್ಲಿ. ಅದು ತಲೆಯೆತ್ತಿದ್ದು ವಿಠ್ಠಲ ವಿಹಾರದಿಂದ ಕೂಗಳತೆಯ ದೂರದಲ್ಲಿ.

ಎರಡು ಊರು, ಎರಡು ಬಗೆ

ಸಣ್ಣ ಪ್ರಸಾರ ಯಂತ್ರದ ಕಥೆ ಮುಂಬಯಿಯಲ್ಲಿ ಬೇರೆಯೇ ತಿರುವು ಪಡೆದದ್ದನ್ನು ಇಲ್ಲಿ ನೆನೆಯುವುದು ಉಚಿತ. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಭುಗಿಲೆದ್ದಾಗ, ವಿದ್ಯಾರ್ಥಿನಿ ಉಷಾ ಮೆಹ್ತಾ ಮತ್ತು ಸಂಗಡಿಗರು 42.34 ಮೀಟರ್ ತರಂಗದಲ್ಲಿ ರಹಸ್ಯ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರ ಕಣ್ಣು ತಪ್ಪಿಸಲು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸಬೇಕಾಯಿತು. ನವೆಂಬರ್ 12ರಂದು ಅವರು ಸೆರೆಸಿಕ್ಕರು. ಉಷಾ ಮೆಹ್ತಾ ಅವರಿಗೆ ನಾಲ್ಕು ವರ್ಷಗಳ ಶಿಕ್ಷೆಯಾಯಿತು. ಮೈಸೂರಿನ ಯಂತ್ರ ಒಂದೇ ಕಡೆ ನಿಂತು ಸಾಧಿಸಿತು, ಮುಂಬಯಿಯ ಯಂತ್ರ ನಿಲ್ಲದೆ ಓಡಾಡಿ ಸಾಧಿಸಿತು. ಆದರೆ ಓಡಾಡಿದ ಯಂತ್ರವೂ ತನ್ನ 42.34 ಮೀಟರಿನ ನೆಲೆಯನ್ನು ಬಿಡುವಂತಿರಲಿಲ್ಲ. ಬಿಟ್ಟಿದ್ದರೆ ಕಾದು ಕುಳಿತ ದೇಶಾಭಿಮಾನಿಗಳಿಗೆ ಅದು ಸಿಗುತ್ತಿರಲಿಲ್ಲ.

ಇಂದಿನ ತರುಣರಿಗೆ

ಗೋಪಾಲಸ್ವಾಮಿಯವರ ಕೇಂದ್ರ ಆರಂಭವಾಗಿ ಎರಡು ತಿಂಗಳು ತುಂಬುವ ಮೊದಲೇ, 1935ರ ನವೆಂಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ವಿಜ್ಞಾನಿ ಎಫ್‌ಎಂ ಎಂಬ ಹೊಸ ಪ್ರಸಾರ ವಿಧಾನವನ್ನು ಎಂಜಿನಿಯರುಗಳ ಸಭೆಯ ಮುಂದೆ ಪ್ರದರ್ಶಿಸಿದರು. ಹಳೆಯ ಮಧ್ಯಮ ತರಂಗದ ವಿಧಾನದಲ್ಲಿ ದನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುತ್ತದೆ. ಆಂದೋಲಕ ಸುಮ್ಮನೆ ಸ್ಥಿರವಾಗಿದ್ದರೆ ಸಾಕು. ಎಫ್‌ಎಂನಲ್ಲಿ ದನಿಗೆ ತಕ್ಕಂತೆ ಕಂಪನಾಂಕವೇ ಅತ್ತಿತ್ತ 75 ಕಿಲೋಹರ್ಟ್ಸ್‌ವರೆಗೆ ತೂಗಬೇಕು, ಆದರೆ ನಡುವಿನ ನೆಲೆ ಮಾತ್ರ ಕದಲಬಾರದು. ತೊಟ್ಟಿಲು ತೂಗಬೇಕು, ತೊಲೆ ಅಲುಗಬಾರದು ಎಂದಂತೆ.

ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು ಪುಟ್ಟ ಎಫ್‌ಎಂ ಯಂತ್ರ ಕಟ್ಟುವ ಉತ್ಸಾಹಿ ಮಕ್ಕಳು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರು ಸಾಮಾನ್ಯವಾಗಿ ಆಯ್ದುಕೊಳ್ಳುವುದು ಒಂದು ಟ್ರಾನ್ಸಿಸ್ಟರ್, ಒಂದು ಸುರುಳಿಯ ಸರಳ ಆಂದೋಲಕವನ್ನು. ಮಧ್ಯಮ ತರಂಗದ 1,000 ಕಿಲೋಹರ್ಟ್ಸ್‌ನಲ್ಲಿ ಸಾವಿರಕ್ಕೆ ಒಂದು ಪಾಲು ಶ್ರುತಿ ಜಾರಿದರೆ ಕೆಡುವುದು ಒಂದೇ ಕಿಲೋಹರ್ಟ್ಸ್. ಎಫ್‌ಎಂನ 100 ಮೆಗಾಹರ್ಟ್ಸ್‌ನಲ್ಲಿ ಅಷ್ಟೇ ಜಾರಿದರೆ 100 ಕಿಲೋಹರ್ಟ್ಸ್ ದೂರ ಹೋದಂತೆ. ಸಾಂತಾಕ್ರೂಜ್‌ನಲ್ಲಿ ಇದು ಬರೀ ಲೆಕ್ಕದ ಮಾತಲ್ಲ. ಎಫ್‌ಎಂ ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿದು, ಅಲ್ಲಿಂದಲೇ ವಿಮಾನಗಳಿಗೆ ದಾರಿ ತೋರುವ ಪಟ್ಟಿ ಆರಂಭವಾಗುತ್ತದೆ. ಇಳಿಯುವ ವಿಮಾನ ಓಡುದಾರಿಯ ನೇರಕ್ಕೆ ಬರುವುದು ಈ ಸಂಕೇತಗಳಿಂದಲೇ. ಕಲೀನಾದ ಬಾನುಲಿಗೆ ದೊರೆತ 107.8ರಿಂದ ಆ ಗಡಿಗೆ ಉಳಿದದ್ದು 0.2 ಮೆಗಾಹರ್ಟ್ಸ್ ಮಾತ್ರ. ಸಾವಿರಕ್ಕೆ ಎರಡು ಪಾಲಿಗಿಂತಲೂ ಕಡಿಮೆ! ಹಿಂದೆ ಸಾಂತಾಕ್ರೂಜ್ ವಿಮಾನ ನಿಲ್ದಾಣವೆಂದೇ ಹೆಸರಾಗಿದ್ದ ನಿಲ್ದಾಣ ಪಕ್ಕದಲ್ಲಿಯೇ ಇದೆ. ಅಂಗೈ ಬಿಸಿಗೆ ಜಾರುವ ಸುರುಳಿಯನ್ನು ನಂಬಿ ಅಲ್ಲಿ ಪ್ರಸಾರಕ್ಕೆ ಇಳಿಯುವುದು ಇತರರ ಪ್ರಾಣದೊಡನೆ ಆಟವಾಡಿದಂತೆ.

ಹಾಗಾದರೆ ಯಾವುದನ್ನು ಆರಿಸಬೇಕು? ಸ್ಫಟಿಕವನ್ನು ಮಾತ್ರ ನಂಬಿದರೆ ಅದು ನೆಲೆ ಬಿಡದು, ಆದರೆ ದನಿಗೆ ತಕ್ಕಷ್ಟು ತೂಗಲೂ ಒಲ್ಲದು. ಇವೆರಡನ್ನೂ ಹೊಂದಿಸುವುದು ಪಿಎಲ್‌ಎಲ್ ಎಂಬ ವ್ಯವಸ್ಥೆ. ತೂಗಬಲ್ಲ ಆಂದೋಲಕವನ್ನು ಸ್ಫಟಿಕದ ಶ್ರುತಿಯೊಡನೆ ಎಡೆಬಿಡದೆ ಹೋಲಿಸಿ, ಜಾರಿದಷ್ಟನ್ನು ಮೆಲ್ಲಗೆ ತಿದ್ದುವುದು ಅದರ ಕೆಲಸ. ದನಿಯ ವೇಗದ ತೂಗಾಟಕ್ಕೆ ಅದು ಅಡ್ಡಬರುವುದಿಲ್ಲ. ಬಿಸಿಯಿಂದ ಆಗುವ ನಿಧಾನದ ಜಾರಾಟವನ್ನು ಮಾತ್ರ ಹಿಡಿಯುತ್ತದೆ. ಹತ್ತು ಲಕ್ಷಕ್ಕೆ 20 ಪಾಲು ತಪ್ಪುವ ಸಾಧಾರಣ ಸ್ಫಟಿಕದೊಡನೆಯೂ 107.8 ಮೆಗಾಹರ್ಟ್ಸ್‌ನಲ್ಲಿ ಆಗುವ ವ್ಯತ್ಯಾಸ ಸುಮಾರು 2 ಕಿಲೋಹರ್ಟ್ಸ್ ಅಷ್ಟೆ. ಪರವಾನಗಿಯಿಲ್ಲದ ಪ್ರಸಾರ ನಮ್ಮ ಕಾನೂನಿನಲ್ಲಿ ಅಪರಾಧವೆಂಬುದನ್ನು ಹಿರಿಯರು ಮಕ್ಕಳಿಗೆ ತಿಳಿಸಿ ಹೇಳಬೇಕು. ಕಲಿಯುವ ಆಸೆಯುಳ್ಳವರು ಏರಿಯಲ್ ಬದಲು ಒಂದು ರೆಸಿಸ್ಟರ್ ಜೋಡಿಸಿ, ಮೇಜಿನ ಮೇಲೆಯೇ ಶ್ರುತಿಯ ಸ್ಥಿರತೆಯನ್ನು ಅಳೆದು ನೋಡಬಹುದು. ಗಾಳಿಯಲ್ಲಿ ಮಾತನಾಡುವ ಹಂಬಲವಿದ್ದರೆ ಹವ್ಯಾಸಿ ರೇಡಿಯೋದ ಪರೀಕ್ಷೆ ಬರೆದು ಪರವಾನಗಿ ಪಡೆದು, ಅದಕ್ಕೆ ಮೀಸಲಾದ ಪಟ್ಟಿಗಳನ್ನು ಬಳಸಬಹುದು.

ಇಂದು ಬೆರಳ ತುದಿಯಲ್ಲಿ ಜಗತ್ತಿನ ಎಲ್ಲ ದನಿಗಳೂ ಸಿಗುತ್ತಿರುವಾಗ, 30 ವಾಟ್‌ನ ಒಂದು ಯಂತ್ರವನ್ನು ನೆನೆಯುವುದೇಕೆಂದು ಯಾರಾದರೂ ಕೇಳಿಯಾರು. ಪರನಾಡಿನಲ್ಲಿ ಕನ್ನಡದ ದನಿಯನ್ನು ಕಾಯುವ ನಮ್ಮಂಥವರಿಗೆ ಗೋಪಾಲಸ್ವಾಮಿಯವರ ಬಾಳು ಹೇಳುವ ಮಾತು ಹಳೆಯದಾಗಿಲ್ಲ. ಕೋಟಿ ಜನರ ಈ ಮಹಾನಗರದಲ್ಲಿ ನಮ್ಮ ಶಕ್ತಿ ಅಲ್ಪವೇ. ಆದರೆ ಹುಡುಕಿಕೊಂಡು ಬಂದವರಿಗೆ ನಾವು ನಿಂತ ಜಾಗದಲ್ಲಿಯೇ ಸಿಗಬೇಕು. ಮೈಸೂರಿನ ಆ ಮನೆಯಲ್ಲಿ ಒಬ್ಬ ಮೇಷ್ಟ್ರು ದಿನವೂ ಅದೇ ಜಾಗದಲ್ಲಿ ಕನ್ನಡವನ್ನು ಕೇಳುಗರಿಗೆ ಒದಗಿಸಿದರು. ದೇಶ ಆ ಹೆಸರನ್ನು ಎತ್ತಿಕೊಂಡಿತು. ಅದನ್ನು ಮೊದಲು ಉಚ್ಚರಿಸಿದ ಮನೆಯನ್ನು ಮರೆಯದಿರುವುದು ಕನ್ನಡಿಗರಾದ ನಮ್ಮ ಪಾಲಿನ ಕರ್ತವ್ಯ.